ಯಾರನ್ನು ಯಾವ ಖಾನೆಗೆ ಹಾಕಲಿ

ಫೋನಿನಲ್ಲಿ ಏನಾದರೂ ಕೊಳ್ಳಲು ಹೋದಾಗ ‘ಬಟ್ಟೆ’, ಅದರೊಳಗೆ ‘ಹೆಂಗಸರ ಬಟ್ಟೆ’, ಅದರೊಳಗೆ ‘ಸೀರೆ’ ಅಂತ ಕಾಣುತ್ತದಲ್ಲ, ಆ ಖಾನೆಗಳನ್ನು ಯೋಚಿಸಿ ಹಾಕುವುದು ನನ್ನ ಕೆಲಸ. ಗ್ರಂಥಾಲಯ ವಿಜ್ಞಾನ ಓದಿದವಳು, ಧಾರವಾಡದ ಹತ್ತಿರ ರಾಯಾಪುರದ ಒಂದು ಸಣ್ಣ ಕಚೇರಿಯಲ್ಲಿ ವರ್ಷಗಳಿಂದ ಇದನ್ನೇ ಮಾಡಿಕೊಂಡಿದ್ದೇನೆ. ನಾನು ಖಾನೆ ಹಾಕುತ್ತೇನೆ, ಮಂದಿ ಅದರಲ್ಲಿ ಕೂರುವುದಿಲ್ಲ. ವಾರಕ್ಕೊಂದಾದರೂ ಇಂಥದ್ದು ನಡೆಯದಿದ್ದರೆ ನನಗೇ ಏನೋ ಕಡಿಮೆಯಾದಂತೆ ಅನಿಸುತ್ತದೆ.

ಆಯೇರಿ ಸೀರೆ

ದೇಶಪಾಂಡೆ ನಗರದ ಒಬ್ಬ ಸೀರೆ ವ್ಯಾಪಾರಿ ಆನ್‌ಲೈನ್ ಅಂಗಡಿ ತೆರೆಯಲು ಬಂದರು. ನಾನು ಶಾಸ್ತ್ರಪ್ರಕಾರ ‘ಇಳಕಲ್’, ‘ರೇಷ್ಮೆ’, ‘ಹತ್ತಿ’ ಎಂದು ಖಾನೆ ಹಾಕಿದೆ. ಅವರು ನೋಡಿ ತಲೆ ಅಲ್ಲಾಡಿಸಿದರು.

“ಮೇಡಮ್ಮಾರ, ನೂಲು ನೋಡಿ ಸೀರಿ ಯಾರು ಕೇಳ್ತಾರ್ರಿ? ‘ಮಗಳಿಗೆ ತೋರಸ್ರಿ’ ಅಂತಾರ. ‘ಆಯೇರಿ ಮಾಡೂದೈತಿ, ತೋರಸ್ರಿ’ ಅಂತಾರ. ಎರಡೂ ಬ್ಯಾರೆ ಬ್ಯಾರೆ ಕಪಾಟು.”

ಮದುವೆ ಮನೆಯಲ್ಲಿ ನೆಂಟರಿಗೆ ಉಡುಗೊರೆ ಕೊಡುವುದೇ ಆಯೇರಿ. ಅದಕ್ಕೆ ಎಂಥ ಅಗ್ಗದ ಸೀರೆ ಆರಿಸುತ್ತಾರೆಂದು ಕೊಡುವವರಿಗೂ ಗೊತ್ತು, ಉಡುವವರಿಗೂ ಗೊತ್ತು. ನಾನು ನಕ್ಕು, ನನ್ನ ಖಾನೆಗಳನ್ನೇ ಉಳಿಸಿದೆ. ಒಂದು ತಿಂಗಳು ಯಾರೂ ಏನೂ ಕೊಳ್ಳಲಿಲ್ಲ. ಕೊನೆಗೆ ಸೋತು ‘ಮಗಳಿಗೆ’, ‘ಸೊಸೆಗೆ’, ‘ಆಯೇರಿಗೆ’ ಎಂದು ಬದಲಿಸಿದೆ. ವ್ಯಾಪಾರ ಓಡತೊಡಗಿತು.

ಕೆಲವು ದಿನ ಕಳೆದ ಮೇಲೆ ಅವರದೇ ಫೋನು, ದನಿ ತಗ್ಗಿತ್ತು. “ಮೇಡಮ್ಮಾರ, ಇಲ್ಲೊಬ್ಬ ಅಕ್ಕಾರು ಬಂದು ಕುಂತಾರ. ಅವರ ಬೀಗರು ಒಂದು ಸೀರಿ ಕೊಟ್ಟು, ‘ಒಡಹುಟ್ಟಿದ ತಂಗಿಗೆ ಅಂತ ಆರಿಸಿ ತಂದೇನಿ’ ಅಂದಿದ್ರಂತ. ಇವರು ಅದರಾಗ ಇನ್ನೊಂದು ಬಣ್ಣ ಐತೇನಂತ ಫೋನಿನ್ಯಾಗ ಹುಡುಕ್ಯಾರ. ಅದು ಯಾವ ಖಾನೆದಾಗ ಸಿಕ್ಕೇತಿ ಅಂತ ನಾ ಹೇಳೂದು ಬ್ಯಾಡ. ಲಗೂನ ‘ಮಗಳಿಗೆ’ ಅನ್ನೂದ್ರಾಗ ಹಾಕ್ರಿ. ಇಲ್ಲಾಂದ್ರ ಎರಡು ಮನಿ ಮುರೀತಾವು.”

ಎರಡು ನಿಮಿಷದಲ್ಲಿ ಬದಲಿಸಿದೆ. ಆಕೆ ಮತ್ತೊಮ್ಮೆ ಫೋನು ನೋಡಿ, “ಕಣ್ಣಿನ ಚಾಳೀಸು ಬದಲಿ ಮಾಡಬೇಕು” ಎನ್ನುತ್ತ ಎದ್ದು ಹೋದರಂತೆ.

ಇತರೆ

ಧಾರವಾಡದ ಒಂದು ಕಾಲೇಜಿನವರು ಹಳೆಯ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುತ್ತಿದ್ದರು. ನಾನು ಒಂಬತ್ತು ಖಾನೆ ಮಾಡಿಕೊಟ್ಟೆ. ಒಂಬತ್ತನೆಯದು ‘ಇತರೆ’. ನಿವೃತ್ತಿಗೆ ಬಂದ ಹೆಡ್ ಕ್ಲಾರ್ಕ್ ಒಬ್ಬರಿಗೆ ಈ ಕೆಲಸದ ಉಸ್ತುವಾರಿ. ತಿಂಗಳ ನಂತರ ಹೋಗಿ ನೋಡಿದರೆ ಎಂಟು ಖಾನೆ ಖಾಲಿ, ‘ಇತರೆ’ ತುಂಬಿ ತುಳುಕುತ್ತಿತ್ತು.

“ಯಾಕ್ರೀ ಸರ್?” ಎಂದೆ.

“ಬ್ಯಾರೆ ಕಡೆ ಹಾಕಿದ್ರ ತಪ್ಪಾಗಬಹುದ್ರಿ. ಇತರೆದಾಗ ಹಾಕಿದ್ರ ತಪ್ಪಾಗಾಕ ಬರಂಗಿಲ್ಲ. ಮೂವತ್ತು ವರ್ಷ ನೌಕರಿ ಮಾಡೇನಿ, ಒಂದು ತಪ್ಪಿಲ್ಲ.”

ನಾನು ‘ಇತರೆ’ಯನ್ನೇ ಕಿತ್ತುಹಾಕಿದೆ. ಮುಂದಿನ ತಿಂಗಳು ಹೋದಾಗ ಕಾಗದಗಳೆಲ್ಲ ‘ರಜೆ ಅರ್ಜಿ’ ಖಾನೆಯಲ್ಲಿದ್ದವು: ಬೋರ್‌ವೆಲ್ ನಕ್ಷೆ, ಕ್ರೀಡಾಕೂಟದ ಫೋಟೋ, ಎಲ್ಲವೂ.

“ಇದೇನ್ರೀ ಸರ್, ಬೋರ್‌ವೆಲ್ ರಜೆ ಕೇಳೇತೇನು?”

ಅವರು ಶಾಂತವಾಗಿ ಹೇಳಿದರು. “ಇತರೆ ತಗದ್ರಿ. ನೀವು ಅದನ್ನ ತಿರುಗಿ ಕೊಡೂ ತನಕಾ ಇವೆಲ್ಲಾ ರಜಾದ ಮ್ಯಾಲ ಅದಾವ್ರಿ.”

ತಿರುಗಿ ಕೊಟ್ಟೆ.

ಎರಡು ಗುಂಪು

ಖಾನೆ ಹಾಕುವ ಮೊದಲು ಜನರ ಮನಸ್ಸಿನಲ್ಲಿ ಏನಿದೆ ಎಂದು ನೋಡಲು ಚೀಟಿಗಳ ಮೇಲೆ ಹೆಸರು ಬರೆದು, “ನಿಮಗೆ ತಿಳಿದಂತೆ ಗುಂಪು ಮಾಡಿ” ಎಂದು ಕೊಡುತ್ತೇವೆ. ಒಮ್ಮೆ ಅಡುಗೆ ಆ್ಯಪಿಗಾಗಿ ಉಪ್ಪಿಟ್ಟು, ಗಿರಮಿಟ್ಟು, ಮಿರ್ಚಿ, ಮಂಡಕ್ಕಿ ಎಂದೆಲ್ಲ ಬರೆದು, ಸಪ್ತಾಪುರದ ನಮ್ಮ ಓಣಿಯ ನಿವೃತ್ತ ಕನ್ನಡ ಪ್ರಾಧ್ಯಾಪಕರಿಗೂ ಅವರ ಹೆಂಡತಿಗೂ ಒಂದೊಂದು ಕಟ್ಟು ಕೊಟ್ಟೆ.

ಪ್ರಾಧ್ಯಾಪಕರು ಎರಡು ಗುಂಪು ಮಾಡಿದರು: ಕಾಗುಣಿತ ಸರಿಯಿದ್ದವು, ತಪ್ಪಿದ್ದವು. ತಪ್ಪಿದ್ದವನ್ನು ಕೆಂಪು ಪೆನ್ನಿನಿಂದ ತಿದ್ದಿಯೂ ಇದ್ದರು.

ಅವರ ಹೆಂಡತಿಯವೂ ಎರಡೇ ಗುಂಪು. “ಇವು ಇವರಿಗೆ ಸೇರತಾವು. ಇವು ಸೇರಂಗಿಲ್ಲ.”

“ನಿಮಗ ಏನು ಸೇರತೈತ್ರೀ ಅಕ್ಕಾರ?” ಎಂದು ಕೇಳಿದೆ.

ಆಕೆ ಗಂಡನ ಕಡೆ ಒಮ್ಮೆ ನೋಡಿ, ‘ಸೇರಂಗಿಲ್ಲ’ ಗುಂಪನ್ನು ಅನಾಮತ್ತಾಗಿ ತಮ್ಮ ಕಡೆ ಎಳೆದುಕೊಂಡರು. “ಇದು ಅಷ್ಟೂ ನಂದವ್ವಾ.”

ಮಾತು ಬಿಟ್ಟವರು

ಇದು ನಮ್ಮ ಮನೆಯದೇ. “ಊರ ಮಂದೀದೆಲ್ಲಾ ಜೋಡಸ್ತಿ, ನನ್ನ ಫೋನಿನ್ಯಾಗಿನ ಫೋಟೋ ಒಂದೀಟು ಜೋಡಿಸಿಕೊಡು” ಎಂದಳು ಅವ್ವ. ಲಗ್ನ, ತೊಟ್ಟಿಲು, ಪ್ರವಾಸ ಅಂತ ಮಾಡೋಣ ಎಂದೆ.

“ಬ್ಯಾಡ. ಎರಡ ಮಾಡು. ‘ಮಾತಾಡೋರು’, ‘ಮಾತು ಬಿಟ್ಟವರು’. ಯಾರು ಯಾವುದರಾಗ ಅಂತ ನಾ ಹೇಳ್ತೇನಿ.”

ಅವ್ವ ಹೇಳಿದಂತೆ ಮಾಡಿದೆ. ಆಮೇಲೆ ಮನೆಮಂದಿಯ ವಾಟ್ಸ್ಯಾಪ್ ಗುಂಪಿಗೆ ಒಂದು ಲಗ್ನದ ಫೋಟೋ ಕಳಿಸಲು ಹೋಗಿ ಇಡೀ ಜೋಡಣೆಯ ಲಿಂಕನ್ನೇ ಕಳಿಸಿಬಿಟ್ಟೆ.

ಮರುದಿನ ಮುಂಜಾನೆ ಕಾಕಾ ಬಂದರು. ಅಪ್ಪನ ತಮ್ಮ, ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರಿ, ಬಾಯಿ ತೆರೆದರೆ ನಿಲ್ಲಿಸುವವರಲ್ಲ. ಪ್ರತಿ ರವಿವಾರ ಬರುತ್ತಾರೆ. ಅಂದು ಸೋಮವಾರ. ಅಪ್ಪ ಪೇಪರು ಓದುತ್ತ ಕೂತಿದ್ದರು.

ಕಾಕಾ ಚಹಾ ಕೈಗೆ ಬಂದ ಮೇಲೆ ಮಾತು ತೆಗೆದರು. “ವೈನಿ, ಫೋಟೋ ನೋಡಿದ್ನಿ. ‘ಮಾತು ಬಿಟ್ಟವರು’ ಅನ್ನೂದ್ರಾಗ ನಾ ಅದೇನಿ. ಏನೋ ತಪ್ಪಾಗೇತಿ ಅಂತ ಹೇಳಾಕ ಬಂದೆ.”

“ತಪ್ಪೇನಾಗಿಲ್ಲ” ಎಂದಳು ಅವ್ವ.

“ಅಂದ್ರ, ನಾವು ಮಾತು ಬಿಟ್ಟೇವೇನ್ರಿ?”

“ಮೂರು ವರ್ಷ ಆತು. ನಿಮ್ಮ ಮಗಳ ಲಗ್ನದಾಗ ಎಲ್ಲಾರ್ನೂ ಫೋಟೋಕ್ಕ ಕರದ್ರಿ, ನನ್ನೊಬ್ಬಾಕಿನ್ನ ಬಿಟ್ರಿ. ಅವತ್ತ ಬಿಟ್ಟೆ.”

ಕಾಕಾ ಬಟ್ಟಲು ಕೆಳಗಿಟ್ಟರು. “ಅಲ್ರೀ, ಪ್ರತಿ ಐತವಾರ ಬಂದು ತಾಸಗಟ್ಲೆ ಮಾತಾಡಿ ಹೋಗೇನಲ್ಲ?”

“ಮಾತಾಡಿದವರು ನೀವು. ನಾ ಏನರ ಮಾತಾಡಿದ್ದು ನೆನಪೈತೇನು?”

ಕಾಕಾ ಬೆರಳು ಮಡಿಸಿ ಹಿಂದಿನ ರವಿವಾರಗಳನ್ನು ಎಣಿಸಿದರು. ನೆನಪಾಗಲಿಲ್ಲ. ಅವರ ಮುಖ ಸಣ್ಣದಾಯಿತು. “ಖರೇ ಐತ್ರಿ. ತಪ್ಪಾತು ವೈನಿ. ಈಗರ ಒಂದು ಫೋಟೋ ತಗಸೂಣು ಬರ್ರಿ” ಎಂದು ಎದ್ದು ನಿಂತರು. ಅವ್ವ ಬಿಗಿ ಮುಖದಲ್ಲೇ ಸೆರಗು ಸರಿಮಾಡಿಕೊಂಡು ಪಕ್ಕದಲ್ಲಿ ಬಂದು ನಿಂತಳು. ನಾನು ಫೋಟೋ ತೆಗೆದೆ.

ಕಾಕಾ ಹೋದ ಮೇಲೆ, “ಅವರನ್ನ ಅದರಾಗಿಂದ ತಗಿ” ಎಂದಳು.

“ಮಾತಾಡೋರದಾಗ ಹಾಕಲೇನು?”

“ಬ್ಯಾಡ. ಹೊಸಾದೊಂದು ಮಾಡು. ‘ಮಾತು ಬಿಟ್ರೂ ಗೊತ್ತಾಗದವರು’.”

ಆ ಖಾನೆಯಲ್ಲಿ ಈಗ ಇಬ್ಬರಿದ್ದಾರೆ. ಇನ್ನೊಬ್ಬರು ನಮ್ಮ ಅಪ್ಪ. ಅವರಿಗೆ ಇನ್ನೂ ಗೊತ್ತಾಗಿಲ್ಲ.