ನಮ್ಮ ಭಾವ ತಂದ ಪಂದ್ಯ

ನಮ್ಮ ಭಾವನಿಗೆ ಕ್ರಿಕೆಟ್ಟಿನ ಬಗ್ಗೆ ಒಂದಕ್ಷರವೂ ಗೊತ್ತಿಲ್ಲ. ಆದರೆ ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನಿಂದ ಅರ್ಧ ಗಂಟೆ ದೂರದ, ಒಂದು ಪೆಟ್ರೋಲ್ ಬಂಕು, ಎರಡು ಚರ್ಚು ಮತ್ತು ಎಣಿಸಲಾರದಷ್ಟು ದನಗಳಿರುವ ಊರಿಗೆ ವೃತ್ತಿಪರ ಕ್ರಿಕೆಟ್ ಪಂದ್ಯವನ್ನು ತಂದವರು ಯಾರು ಎಂದು ಕೇಳಿ ನೋಡಿ. ಆ ದನಗಳೂ ನಮ್ಮ ಭಾವನ ಮನೆಯತ್ತಲೇ ಕತ್ತು ತಿರುಗಿಸುತ್ತವೆ.

ಉತ್ಪ್ರೇಕ್ಷೆ ಎಂದುಕೊಂಡಿರಾ? ದನಗಳ ಮಾತು ಇರಬಹುದು. ಭಾವನ ಅಜ್ಞಾನದ ಮಾತು ಖಂಡಿತ ಅಲ್ಲ. ಅದಕ್ಕೆ ನಾನೇ ಸಾಕ್ಷಿ.

ವಿಶ್ವಕಪ್ ನ್ಯೂಜಿಲೆಂಡಿಗೆ ಬಂದ ವರ್ಷ ಭಾರತ ತಂಡ ನಮ್ಮ ಹ್ಯಾಮಿಲ್ಟನ್ನಿಗೂ ಆಡಲು ಬಂದಿತ್ತು. ನಾನು ಕಷ್ಟಪಟ್ಟು ನಾಲ್ಕು ಟಿಕೆಟ್ ಗಿಟ್ಟಿಸಿ, ಅಕ್ಕ-ಭಾವನನ್ನು ಕರೆಸಿಕೊಂಡಿದ್ದೆ. ಭಾವ ದುರ್ಬೀನು ತಂದಿದ್ದರು. ಪರವಾಗಿಲ್ಲವೇ, ಆಸಕ್ತಿ ಹುಟ್ಟಿದೆ ಎಂದು ನನಗೆ ಖುಷಿಯೋ ಖುಷಿ. ನಮ್ಮವರು ಸಿಕ್ಸರ್ ಹೊಡೆದಾಗ ಇಡೀ ಕ್ರೀಡಾಂಗಣ ಎದ್ದು ಕುಣಿಯಿತು, ಚೆಂಡು ನಮ್ಮ ತಲೆಯ ಮೇಲೇ ಹಾರಿಹೋಯಿತು. ಭಾವನ ದುರ್ಬೀನು ಮಾತ್ರ ಪಿಚ್ಚಿನಿಂದ ಒಂದಿಂಚೂ ಅಲ್ಲಾಡಲಿಲ್ಲ. ಆಮೇಲೆ ಅದನ್ನು ಇಳಿಸಿ, ದೇವರ ದರ್ಶನವಾದವರ ಹಾಗೆ ನನ್ನ ಕಡೆ ತಿರುಗಿ, "ಆ ಬಿರುಕು ನೋಡಪಾ, ಎಷ್ಟು ಛಂದ ಒಡದದ!" ಎಂದರು.

ಭಾವ ಧಾರವಾಡದವರು. ಯೂನಿವರ್ಸಿಟಿಯಲ್ಲಿ ಮಣ್ಣಿನ ವಿಜ್ಞಾನಿ. ನಾವು ಮೈಸೂರಿನವರು, ಮಣ್ಣನ್ನು ಕಾಲಿಗೆ ಅಂಟಿದರೆ ತೊಳೆದುಕೊಳ್ಳುವ ವಸ್ತು ಎಂದೇ ತಿಳಿದು ಬೆಳೆದವರು. ಅವರ ಮಗಳು ಒಮ್ಮೆ, ಇಲ್ಲಿ ಹುಟ್ಟಿದ ಮಕ್ಕಳ ಧಾಟಿಯಲ್ಲಿ, "ಅಪ್ಪಾ, ಇಟ್ಸ್ ಜಸ್ಟ್ ಡರ್ಟ್" ಎಂದುಬಿಟ್ಟಳು. ಭಾವ ಊಟ ನಿಲ್ಲಿಸಿದರು. "ಡರ್ಟ್ ಅಂದ್ರ ಉಗುರಿನ್ಯಾಗ ಇರೂದು, ತಾಯಿ. ನೆಲದಾಗ ಇರೂದು ಸಾಯಿಲ್." ಅಂದಿನಿಂದ ಆ ಮನೆಯಲ್ಲಿ ಆ ಪದಕ್ಕೆ ನಿಷೇಧ.

ಇಂಥವರು ಕ್ರಿಕೆಟ್ ಮೈದಾನಕ್ಕೆ ಹೋಗಿ ಸಿಕ್ಕಿಕೊಂಡದ್ದು ಹೇಗೆ?

ಆ ಊರಿಗೆ ಮನೆ ಬದಲಾಯಿಸಿದ ಹೊಸದರಲ್ಲಿ ಭಾವ ಒಂದು ಶನಿವಾರ ಬೆಳಿಗ್ಗೆ ಅಕ್ಕನೊಂದಿಗೆ ವಾಕಿಂಗ್ ಹೊರಟಿದ್ದರಂತೆ. ದಾರಿಯಲ್ಲಿ ಊರಿನ ಕ್ಲಬ್ಬಿನ ಮೈದಾನ. ಅಲ್ಲಿ ಗ್ರೇಮ್ ಎಂಬ ಹಿರಿಯ, ಹಿಂದೆ ದನ ಸಾಕುತ್ತಿದ್ದು ಈಗ ಆ ಮೈದಾನವನ್ನೇ ಸಾಕುತ್ತಿರುವಾತ, ಮಂಡಿಯೂರಿ ಕುಳಿತು ಪಿಚ್ ಎಷ್ಟು ಗಟ್ಟಿಯಾಗಿದೆ ಎಂದು ಬೀಗದ ಕೈ ಚುಚ್ಚಿ ಚುಚ್ಚಿ ನೋಡುತ್ತಿದ್ದ. ನಮ್ಮ ಭಾವ ಬೇಲಿ ದಾಟಿ ಹೋದರು. ಒಂದು ಚಿಟಿಕೆ ಮಣ್ಣು ತೆಗೆದುಕೊಂಡರು. ಬಾಯಿಗೆ ಹಾಕಿಕೊಂಡರು!

ಮಣ್ಣಿನಲ್ಲಿ ಜೇಡಿ ಎಷ್ಟು, ನುಣುಪು ಎಷ್ಟು ಎಂದು ಹಲ್ಲಿನ ನಡುವೆ ಇಟ್ಟು ನೋಡುವುದು ಅವರ ವೃತ್ತಿಯಲ್ಲಿ ಮಾಮೂಲಂತೆ. ಗ್ರೇಮ್‌ಗೆ ಇದು ಗೊತ್ತಿರಬೇಕಲ್ಲ. ಆತ ಒಂದು ಕ್ಷಣ ಭಾವನನ್ನೂ, ಇನ್ನೊಂದು ಕ್ಷಣ ಅಕ್ಕನನ್ನೂ ನೋಡಿ, ನಿಮ್ಮ ಯಜಮಾನರು ಬೆಳಿಗ್ಗೆ ತಿಂಡಿ ತಿಂದಿಲ್ಲವೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದನಂತೆ. ಅಕ್ಕ ಅಂದು ಪಟ್ಟ ಅವಮಾನವನ್ನು ನನಗೆ ಫೋನಿನಲ್ಲಿ ವರ್ಣಿಸಿ, "ನೆಲ ಬಾಯ್ಬಿಡಬಾರ್ದಾ ಅನ್ನಿಸ್ತು ಕಣೋ. ಆದ್ರೆ ಬಾಯ್ಬಿಟ್ರೆ ಅದನ್ನೂ ಒಳಗಿಳಿದು ನೋಡೋರು ಇವ್ರು" ಎಂದಳು.

ಹಾಗೆ ಶುರುವಾದ ಸ್ನೇಹ ಅದು. ಭಾವನಿಗೆ ಎಲ್‌ಬಿಡಬ್ಲ್ಯೂ ಎಂದರೆ ಏನೆಂದು ತಿಳಿಯದು, ಗ್ರೇಮ್‌ಗೆ ಮಣ್ಣಿನ ರಸಾಯನ ತಿಳಿಯದು. ಇಬ್ಬರೂ ವಾರಕ್ಕೆ ಎರಡು ದಿನ ಆ ಇಪ್ಪತ್ತೆರಡು ಗಜದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಹೆರಿಗೆಯಾದ ಮನೆಯಲ್ಲಿ ತೊಟ್ಟಿಲು ನೋಡುವವರ ಹಾಗೆ ಪಿಚ್ ನೋಡುತ್ತ ಕೂರುತ್ತಿದ್ದರು.

ಒಂದು ಚಳಿಗಾಲ ಇಬ್ಬರೂ ಸೇರಿ ಇಡೀ ಪಿಚ್ಚನ್ನೇ ಅಗೆದು ಹಾಕಿದರು. ಊರಿನವರು ಗಾಬರಿಯಾದರು. ಇಂಡಿಯಾದ ಪ್ರೊಫೆಸರ್ ಆಲೂಗಡ್ಡೆ ಹಾಕುತ್ತಿದ್ದಾನೆ ಎಂದು ಪೆಟ್ರೋಲ್ ಬಂಕಿನಲ್ಲಿ ಸುದ್ದಿಯಾಯಿತು. ನಾನು ಹ್ಯಾಮಿಲ್ಟನ್ನಿನಿಂದ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಅಕ್ಕನ ಕೈಯಡುಗೆ ಉಣ್ಣಲು ಹೋದರೆ, ಕಾರಿನಿಂದ ಇಳಿಯುವಷ್ಟರಲ್ಲಿ ನನ್ನ ಕೈಗೆ ಸಲಿಕೆ! ಮುಂದಿನ ಸಲ ಹೋದಾಗ ರೋಲರ್. ಅದರ ಮುಂದಿನ ಸಲ ಮತ್ತೆ ರೋಲರ್. ಬಿಸಿಬೇಳೆಬಾತಿಗೆ ಇಷ್ಟು ಬೆವರು ಸುರಿಸಿದ ಇನ್ನೊಬ್ಬ ಮೈಸೂರಿಗ ಭೂಮಿಯ ಮೇಲಿರಲಾರ.

ಪಿಚ್ ತಯಾರಾದ ಮೇಲೆ ಭಾವನಿಗೆ ಹೊಸ ಹುಚ್ಚು ಹಿಡಿಯಿತು. ಈ ನೆಲದ ಮೇಲೆ ದೊಡ್ಡ ಪಂದ್ಯ ಆಗಬೇಕು. ಕ್ಲಬ್ಬಿನ ಹುಡುಗಾಟದ ಪಂದ್ಯವಲ್ಲ, ಸಂಬಳ ಪಡೆದು ಆಡುವವರ ಪಂದ್ಯ. ಅವರು ಪ್ರಾಂತ್ಯದ ಕ್ರಿಕೆಟ್ ಕಚೇರಿಗೆ ಪತ್ರ ಬರೆದರು. ನಿಮ್ಮಲ್ಲಿ ಸೌಕರ್ಯವಿಲ್ಲ ಎಂದು ಉತ್ತರ ಬಂತು. ಇನ್ನೊಂದು ಬರೆದರು. ಊರು ಚಿಕ್ಕದು ಎಂದು ಉತ್ತರ ಬಂತು. ಮೂರನೆಯದರಲ್ಲಿ ಅವರು ಆಸ್ಟ್ರೇಲಿಯದ ಉದಾಹರಣೆ ಕೊಟ್ಟರು. ಅಲ್ಲಿ ದೊಡ್ಡ ನಗರಗಳನ್ನು ಬಿಟ್ಟು ದೂರದೂರದ ಸಣ್ಣ ಊರುಗಳಿಗೂ ಪಂದ್ಯಗಳನ್ನು ಒಯ್ಯುತ್ತಾರೆ, ಆಸ್ಟ್ರೇಲಿಯದವರಿಗೆ ಸಾಧ್ಯವಾದದ್ದು ನ್ಯೂಜಿಲೆಂಡಿನವರಿಗೆ ಏಕೆ ಸಾಧ್ಯವಿಲ್ಲವೋ ದಯವಿಟ್ಟು ತಿಳಿಸಿ ಎಂದು ಕೇಳಿದರು. ಈ ದೇಶದಲ್ಲಿ ಯಾರನ್ನಾದರೂ ಚುಚ್ಚಬೇಕಾದರೆ ಇದಕ್ಕಿಂತ ಮೊನಚಾದ ಸೂಜಿ ಇಲ್ಲ. ಹದಿನೈದು ದಿನದಲ್ಲಿ ಇಬ್ಬರು ಅಧಿಕಾರಿಗಳು ಮೈದಾನ ನೋಡಲು ಬಂದೇಬಿಟ್ಟರು.

ಪರಿಶೀಲನೆಯ ದಿನ ನಾನೂ ಇದ್ದೆ. ಬೇರೆಲ್ಲಿ ಇರಲಿ, ರೋಲರ್ ಹಿಡಿದುಕೊಂಡೇ ಇದ್ದೆ. ಬ್ಯಾಟ್ ಮಾಡುವವನಿಗೆ ಚೆಂಡು ಕಾಣಲು ಬೌಲರನ ಹಿಂದೆ ದೊಡ್ಡ ಕಪ್ಪು ಪರದೆ ಬೇಕಲ್ಲ, ಅದೆಲ್ಲಿ ಎಂದು ಅಧಿಕಾರಿಗಳು ಕೇಳಿದರು. ಭಾವ ಹಳೆಯ ಎರಡು ಸರಕಿನ ಕಂಟೈನರುಗಳಿಗೆ ಕಾಡಿಗೆಯಂಥ ಕಪ್ಪು ಬಣ್ಣ ಬಳಿಸಿ ನಿಲ್ಲಿಸಿದ್ದನ್ನು ತೋರಿಸಿದರು. ಮಳೆ ಬಂದರೆ ಪಿಚ್ ಮುಚ್ಚಲು ಏನಿದೆ ಎಂದರು. ರೈತರು ಮೇವಿನ ರಾಶಿಗೆ ಹೊದಿಸುವ ಕರಿ ಪ್ಲಾಸ್ಟಿಕ್ ಹಾಳೆ, ಅದರ ಮೇಲಿಡಲು ಹಳೆಯ ಟೈರು, ಎರಡೂ ಸಿದ್ಧವಿದ್ದವು. ಬೌಂಡರಿ ಎಷ್ಟು ಉದ್ದವಿದೆ ಎಂದು ಕೇಳಿದಾಗ ಮಾತ್ರ ಭಾವ ತಬ್ಬಿಬ್ಬಾದರು. ಆ ವಿಷಯ ಅವರಿಗೆ ಹೊಳೆದೇ ಇರಲಿಲ್ಲ. ಗ್ರೇಮ್ ಕಡೆ ನೋಡಿದರು, ಆತ ಹುಲ್ಲು ನೋಡುತ್ತಿದ್ದ. ಕೊನೆಗೆ ಭಾವ ಗಂಭೀರವಾಗಿ, ನಿಮಗೆ ಎಷ್ಟು ಬೇಕೋ ಹೇಳಿ, ಬೇಲಿ ಸರಿಸುತ್ತೇವೆ ಎಂದರು. ಬೇಲಿಯಾಚೆಯ ಹೊಲದವನು, ಆಗಬಹುದು, ದನಗಳಿಗೆ ನಾನು ಹೇಳುತ್ತೇನೆ ಎಂದ.

ಅಕ್ಕ ಎಲ್ಲರಿಗೂ ಗಿರ್ಮಿಟ್ಟು, ಮಿರ್ಚಿ ಭಜ್ಜಿ ಮಾಡಿಕೊಟ್ಟಳು. ಅಧಿಕಾರಿಗಳು ಕಣ್ಣೀರು ಸುರಿಸುತ್ತಲೇ ಒಪ್ಪಿಗೆ ಕೊಟ್ಟರು. ಅದು ಪಿಚ್ಚಿನ ಗುಣಕ್ಕೋ ಮೆಣಸಿನಕಾಯಿಯ ಗುಣಕ್ಕೋ ಇಂದಿಗೂ ತೀರ್ಮಾನವಾಗಿಲ್ಲ. ಒಂದು ಬೇಸಿಗೆ, ಒಂದೇ ಒಂದು ಏಕದಿನ ಪಂದ್ಯ. ಸರಿಹೋದರೆ ಮುಂದೆ ನೋಡೋಣ ಎಂದು ಹೋದರು.

ಪಂದ್ಯದ ದಿನ ಬಂತು. ಹಿಂದಿನ ದಿನವೆಲ್ಲ ಮಳೆ ಸುರಿದು, ಬೆಳಿಗ್ಗೆ ನಿಂತಿತ್ತು. ಕರಿ ಹಾಳೆ ಎತ್ತಿದರೆ ಪಿಚ್ ಒಲೆಯಿಂದ ಈಗ ತಾನೇ ತೆಗೆದ ಜೋಳದ ರೊಟ್ಟಿಯಂತೆ ಒಣಗಿ, ಬಿಳಿಚಿಕೊಂಡು ಮಲಗಿತ್ತು. ಹಾಲು ಕರೆದು ಮುಗಿಸಿದ ರೈತರು ಗಮ್‌ಬೂಟಿನಲ್ಲೇ ಬಂದರು. ಬೌಂಡರಿಯ ಸುತ್ತ ಯೂಟ್‌ಗಳು, ಎಂದರೆ ಹಿಂದೆ ಸರಕು ಹೇರುವ ಆ ವಾಹನಗಳು, ಸಾಲಾಗಿ ನಿಂತವು. ಫೋರ್ ಹೊಡೆದರೆ ಎಲ್ಲ ಯೂಟ್‌ಗಳ ಹಾರ್ನೂ ಒಟ್ಟಿಗೆ. ಪಾಮರ್ಸ್ಟನ್ ನಾರ್ತ್‌ನ ಕನ್ನಡದವರು ಪುಳಿಯೋಗರೆ ಡಬ್ಬಿಗಳ ಸಮೇತ ಬಂದು ಹುಲ್ಲಿನ ದಿಬ್ಬವನ್ನು ಹಿಡಿದುಬಿಟ್ಟರು. ಟಿವಿಯಲ್ಲಿ ನೋಡಿದ ಮುಖಗಳು ಹತ್ತು ಮಾರು ದೂರದಲ್ಲಿ ನಿಂತು ಬೆವರು ಒರೆಸಿಕೊಳ್ಳುವುದನ್ನು ಆ ಊರು ಬಾಯಿ ತೆರೆದುಕೊಂಡು ನೋಡಿತು.

ಭಾವನ ಸಂಕಟ ಬೇರೆ. ಬೌಲರ್ ಓಡಿಬಂದು ಬೂಟಿನ ಮೊಳೆ ಊರಿದಾಗಲೆಲ್ಲ ಅವರಿಗೇ ನಾಟಿದಂತೆ ನರಳುತ್ತಿದ್ದರು. ಬ್ಯಾಟ್ಸ್‌ಮನ್ ಒಬ್ಬ ಪಿಚ್ಚಿನ ಮೇಲೆ ಬ್ಯಾಟಿನಿಂದ ಕುಟ್ಟಿದ. "ಅದನ್ಯಾಕ ಬಡೀತಾನಪಾ? ಅದೇನ್ ಮಾಡೇದ ಅವಗ?" ಎಂದು ನನ್ನನ್ನು ಕೇಳಿದರು. ಅದು ಪದ್ಧತಿ ಎಂದೆ. ಇಂಥ ಪದ್ಧತಿ ಇರುವ ಆಟ ಉದ್ಧಾರವಾಗುವುದಿಲ್ಲ ಎಂದುಬಿಟ್ಟರು.

ಇನ್ನೊಂದು ವಿಚಿತ್ರ ನನ್ನ ಗಮನಕ್ಕೆ ಬಂತು. ಪ್ರತಿ ನಾಲ್ಕೈದು ಓವರಿಗೊಮ್ಮೆ ಭಾವ ಎದ್ದು ಹೋಗುತ್ತಿದ್ದರು. ಮೈದಾನದ ಮೂಲೆಯಲ್ಲಿ ರೋಲರ್ ನಿಲ್ಲಿಸುವ ತಗಡಿನ ಶೆಡ್ ಇದೆ. ಅದರ ಬಾಗಿಲಿನವರೆಗೆ ಹೋಗುವುದು, ಏನೋ ಹೇಳುವುದು, ವಾಪಸು ಬರುವುದು. ವಯಸ್ಸಾಯಿತು, ಮೂತ್ರದ ತೊಂದರೆಯಿರಬೇಕು ಎಂದು ನಾನು ಮನಸ್ಸಿನಲ್ಲೇ ನಕ್ಕು ಸುಮ್ಮನಾದೆ. ಊಟದ ವಿರಾಮದಲ್ಲಿ ಅಕ್ಕ ಗ್ರೇಮ್‌ಗೆ ಕೊಡು ಎಂದು ಒಂದು ತಟ್ಟೆ ಪುಳಿಯೋಗರೆ ಕೊಟ್ಟಳು. ಎಲ್ಲಿ ಹುಡುಕಿದರೂ ಆತನಿಲ್ಲ. ಕೊನೆಗೆ ಆ ಶೆಡ್ಡಿಗೆ ಹೋಗಿ ಇಣುಕಿದೆ.

ಗ್ರೇಮ್ ಒಳಗಿದ್ದ. ಇಸ್ತ್ರಿ ಮಾಡಿದ ಅಂಗಿ, ಟೈ, ಕ್ಲಬ್ಬಿನ ಕೋಟು ಹಾಕಿಕೊಂಡು, ಬೀಜದ ಚೀಲವೊಂದರ ಮೇಲೆ, ಮೈದಾನಕ್ಕೆ ಬೆನ್ನು ಮಾಡಿ ಕುಳಿತಿದ್ದ. ತಟ್ಟೆ ಕೊಟ್ಟೆ. ತೆಗೆದುಕೊಂಡ, ತಿನ್ನಲಿಲ್ಲ. ತೊಡೆಯ ಮೇಲೇ ಇಟ್ಟುಕೊಂಡು ಕುಳಿತ.

ಹೊರಗೆ ಬಂದು ಭಾವನನ್ನು ಹಿಡಿದೆ. ಇಷ್ಟು ವರ್ಷ ದುಡಿದ ಮನುಷ್ಯ ತನ್ನ ಪಿಚ್ಚಿನ ಮೇಲಿನ ಪಂದ್ಯ ನೋಡದೆ ಯಾಕೆ ಒಳಗೆ ಕುಳಿತಿದ್ದಾನೆ ಎಂದು ಕೇಳಿದೆ. ಭಾವ ಶೆಡ್ಡಿನ ಕಡೆ ಒಮ್ಮೆ ನೋಡಿದರು. ಆಮೇಲೆ, ಮೊದಲ ಬಾರಿಗೆ, ಹೇಳಿದರು.

ಬಹಳ ವರ್ಷಗಳ ಹಿಂದೆ ಈ ಊರಿಗೆ ಒಂದು ದೊಡ್ಡ ಪಂದ್ಯ ಬಂದಿತ್ತಂತೆ. ಪಿಚ್ ಮಾಡಿದ್ದು ಗ್ರೇಮ್. ಬೆಳಿಗ್ಗೆಯ ಆಟದಲ್ಲೇ ಒಂದು ಚೆಂಡು ನೆಲದಿಂದ ದಿಢೀರನೆ ಎಗರಿ, ಇಪ್ಪತ್ತು ವರ್ಷದ ಬ್ಯಾಟ್ಸ್‌ಮನ್ ಒಬ್ಬನ ಮುಖಕ್ಕೆ ಬಡಿಯಿತು. ಅವನ ಒಂದು ಕಣ್ಣು ಹೋಯಿತು. ಪಂದ್ಯ ಅಲ್ಲಿಗೇ ನಿಂತಿತು. ಆಮೇಲೆ ಯಾವ ದೊಡ್ಡ ಪಂದ್ಯವೂ ಈ ಊರಿನತ್ತ ಸುಳಿಯಲಿಲ್ಲ. ಊರಿನವರು ಗ್ರೇಮ್‌ಗೆ ಒಂದು ಮಾತೂ ಅನ್ನಲಿಲ್ಲ. ಯಾರೂ ಏನೂ ಅನ್ನದಿದ್ದದ್ದೇ ಆತನನ್ನು ಒಳಗೊಳಗೇ ತಿಂದಿತು.

ಭಾವ ಪರಿಚಯವಾದ ಹೊಸದರಲ್ಲೇ ಕೊಳವೆ ಇಳಿಸಿ ಪಿಚ್ಚಿನ ಹೊಟ್ಟೆಯಿಂದ ಮಣ್ಣು ತೆಗೆದು ನೋಡಿದ್ದರಂತೆ. ಎಷ್ಟೋ ಕಾಲದ ಹಿಂದೆ, ಗ್ರೇಮ್‌ಗಿಂತ ಮುಂಚೆ, ಯಾರೋ ಬೇರೆ ಜಾತಿಯ ಜೇಡಿಮಣ್ಣನ್ನು ಒಂದು ಪದರ ಹಾಸಿದ್ದರು. ಅದು ಮೇಲಿನ ಮಣ್ಣಿನೊಡನೆ ಎಂದೂ ಕೂಡಿಕೊಂಡಿರಲಿಲ್ಲ. ಒಣಗಿದಾಗ ಎರಡರ ನಡುವೆ ಬಿರುಕು ಬಿಟ್ಟು, ಅಲ್ಲಿ ಬಿದ್ದ ಚೆಂಡು ಎತ್ತೆಂದರತ್ತ ಎಗರುತ್ತಿತ್ತು. ಎಷ್ಟು ರೋಲರ್ ಎಳೆದರೂ ಯಾರಿಂದಲೂ ಅದು ಸರಿಹೋಗುವಂತಿರಲಿಲ್ಲ.

"ಹಂಗಂತ ಗ್ರೇಮ್‌ಗೆ ಹೇಳಲಿಲ್ವಾ?" ಎಂದೆ.

"ಹೇಳಿದೆ. ನಾಲ್ಕು ಪುಟ ಬರದುಕೊಟ್ಟೆ. ಓದಿದ, ಥ್ಯಾಂಕ್ಸ್ ಅಂದ, ಮಡಚಿ ಕಿಸೆದಾಗ ಇಟಗೊಂಡ." ಭಾವ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು. "ಕಾಗದ ಓದಿದ್ರ ಮನಸ್ಸಿಗೆ ಸಮಾಧಾನ ಆಗೂದಿಲ್ಲಪಾ. ಅದಕ ಇನ್ನೊಂದು ಮ್ಯಾಚೇ ಆಗಬೇಕಾಗಿತ್ತು."

ಅಷ್ಟು ಹೇಳಿ ಅವರು ಮತ್ತೆ ಶೆಡ್ಡಿನತ್ತ ಹೋದರು. ನಾನು ದಿಬ್ಬದ ಮೇಲೆ ಕುಳಿತು ಉಳಿದ ಪಂದ್ಯವನ್ನು ನೋಡಿದೆ. ಆದರೆ ಅದು ಬೇರೆ ಪಂದ್ಯವೇ ಆಗಿತ್ತು. ವೇಗದ ಬೌಲರ್ ಓಡಿಬರುವಾಗಲೆಲ್ಲ ನಾನು ಬ್ಯಾಟ್ಸ್‌ಮನ್ನನ ಮುಖವನ್ನೇ ನೋಡುತ್ತಿದ್ದೆ. ಸುತ್ತ ನೋಡಿದೆ. ಗಮ್‌ಬೂಟಿನ ಮುದುಕರು, ಅವರ ಹೆಂಗಸರು, ಯಾರೂ ಬ್ಯಾಟ್ಸ್‌ಮನ್ನನ ಹೊಡೆತ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಚೆಂಡು ಬಿದ್ದೇಳುವ ಜಾಗದ ಮೇಲಿತ್ತು. ಇಡೀ ಊರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇಷ್ಟು ದಿನ ನಗುತ್ತಿದ್ದವನು ನಾನೊಬ್ಬನೇ.

ಸಂಜೆ ಬಿಸಿಲಿರುವಾಗಲೇ ಪಂದ್ಯ ಮುಗಿಯಿತು. ಹಾರ್ನುಗಳ ಸದ್ದು ಅಡಗಿ, ಆಟಗಾರರ ಬಸ್ಸು ಹೊರಟು, ಹಾಲು ಕರೆಯುವ ಹೊತ್ತಾಯಿತೆಂದು ಯೂಟ್‌ಗಳೂ ಒಂದೊಂದಾಗಿ ಹೋದವು. ಭಾವ ಶೆಡ್ಡಿನ ಬಾಗಿಲಲ್ಲಿ ನಿಂತು, ಮುಗಿಯಿತು ಎಂದರು. ನಾನು ಹಿಂದೆಯೇ ಇದ್ದೆ. ಗ್ರೇಮ್ ಯಾರು ಗೆದ್ದರು ಎಂದು ಕೇಳಲಿಲ್ಲ. ಬೆನ್ನು ತಿರುಗಿಸಿಕೊಂಡೇ, ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದ.

"ಇಲ್ಲ," ಎಂದರು ಭಾವ. "ಯಾರಿಗೂ ಏನೂ ಆಗಲಿಲ್ಲ."

ಆತ ಎದ್ದು, ಕೋಟಿನ ಗುಂಡಿ ಸರಿಮಾಡಿಕೊಂಡು, ನಮ್ಮನ್ನು ದಾಟಿ ಹೊರಗೆ ಹೋದ. ಖಾಲಿ ಮೈದಾನದ ನಡುವೆ ನಿಧಾನವಾಗಿ ನಡೆದು, ಪಿಚ್ಚಿನ ಪಕ್ಕ ಮಂಡಿಯೂರಿ, ಎರಡೂ ಅಂಗೈಗಳನ್ನು ನೆಲದ ಮೇಲಿಟ್ಟ. ಆತನ ಭುಜಗಳು ಅಲುಗುವುದು ನಾವು ನಿಂತಲ್ಲಿಂದಲೇ ಕಾಣುತ್ತಿತ್ತು. ನಾನು ಅತ್ತ ಒಂದು ಹೆಜ್ಜೆ ಇಟ್ಟೆ. ಭಾವ ನನ್ನ ತೋಳು ಹಿಡಿದು ನಿಲ್ಲಿಸಿದರು. ಆತ ಎದ್ದು ಬರುವವರೆಗೂ ನಾವಿಬ್ಬರೂ ಬೌಂಡರಿ ಗೆರೆಯ ಹೊರಗೇ ನಿಂತಿದ್ದೆವು.