ಯಂತ್ರ ಕಂಡ ನನ್ನ ಅಂಗಳ

ಆಗ ನನಗೆ ಎಪ್ಪತ್ತೆರಡು. ಹೋದ ವರ್ಷದ ಮಾತು. ಆ ವಯಸ್ಸಿಗೆ ಜಂಬ ಪಡಲು ಹೆಂಗಸಿಗೆ ಹೆಚ್ಚೇನೂ ಉಳಿದಿರುವುದಿಲ್ಲ. ನನಗೆ ಅಂಗಳ ಉಳಿದಿತ್ತು. ನವಲಗುಂದದ ಈ ಕಡೆ ನನ್ನಷ್ಟು ಚೊಕ್ಕವಾಗಿ ಅಂಗಳ ಇಟ್ಟವರಿಲ್ಲ. ಇದನ್ನು ನಾನೇ ಹೇಳಬೇಕು, ಬೇರೆಯವರು ಹೇಳುವುದಿಲ್ಲ.

ಕೊಟ್ಟಿಗೆಯಿಂದ ಎಷ್ಟು ಅಮೋನಿಯಾ ಗಾಳಿಗೆ ಸೇರುತ್ತದೆಂದು ಅಳೆಯಲು ಧಾರವಾಡದ ಕೃಷಿ ಕಾಲೇಜಿನ ಸವಿತಾ ಎಂಬ ಹುಡುಗಿ ನಮ್ಮ ಅಂಗಳದ ಕಂಬಕ್ಕೆ ಲೇಸರ್ ಯಂತ್ರ ಕಟ್ಟಿದ್ದಳು. ಅಮೋನಿಯಾ ಎಂದರೆ ಗಂಜಲದಿಂದೆದ್ದು ಮೂಗಿಗೆ ಹೊಡೆಯುವ ಘಾಟು. ಯಂತ್ರ ಗಾಳಿಯೊಳಗೆ ಬೆಳಕು ಹಾಯಿಸಿ ಅದನ್ನು ಅಳೆಯುತ್ತದೆ. ಸವಿತಾ ಆಗಾಗ ಬಂದು ಯಂತ್ರದ ಕಿವಿ ಹಿಂಡಿ ಹೋಗುತ್ತಾಳೆ. ಒಂದು ಸಿಲಿಂಡರಿನಿಂದ ಶುದ್ಧ ಗಾಳಿ ಕುಡಿಸಿ ‘ಇದು ಸೊನ್ನೆ’ ಎನ್ನುತ್ತಾಳೆ. ಇನ್ನೊಂದರಿಂದ ಅಳತೆ ಗೊತ್ತಿರುವ ಅಮೋನಿಯಾ ಕುಡಿಸಿ ‘ಇದು ಇಷ್ಟು’ ಎನ್ನುತ್ತಾಳೆ. ಮಕ್ಕಳಿಗೆ ಕಲಿಸಿದ ಹಾಗೆಯೇ.

ಒಂದು ದಿನ ಆಕೆ ಬಂದು ನೋಡಿದರೆ ಅಂಕಿ ಏರಿ ಕೂತಿದೆ. ಬಾಜು ಮನೆಯ ಬಸಕ್ಕ ಗೋಡೆಯ ಮೇಲಿಂದ ಇಣುಕಿದಳು.

“ಗೌರಕ್ಕಾ, ನಿನ್ನ ಅಂಗಳಾ ನಾರತೈತಂತಲ್ಲ ಬೇ!”

“ಮಷಿನ್ ಕೆಟ್ಟೈತಿ. ನೀ ಮೂಗು ಒಳಗ ಇಟ್ಕೋ,” ಎಂದೆ. ಸವಿತಾಳಿಗೂ ಬಿಡಲಿಲ್ಲ. “ಏನವಾ, ಎಲ್ಲಾರ ಮುಂದ ಅದನ್ನ ತಪಾಸ ಮಾಡು. ಅದು ಸುಳ್ಳು ಹೇಳಿದ್ರ ಕಂಬದಿಂದ ಬಿಚ್ಕೊಂಡು ಹೋಗು.”

ಓಣಿಯ ಹೆಂಗಸರೆಲ್ಲ ನೆರೆದರು. ಸವಿತಾ ಶುದ್ಧ ಗಾಳಿ ಕುಡಿಸಿದಳು, ಸೊನ್ನೆ ಬಂತು. ಅಳತೆಯ ಅಮೋನಿಯಾ ಕುಡಿಸಿದಳು, ಸರಿಯಾಗಿ ಅಷ್ಟೇ ಬಂತು. ಯಂತ್ರವನ್ನು ಬಸಕ್ಕನ ಅಂಗಳಕ್ಕೆ ಒಯ್ದಳು, ಅಂಕಿ ತಳಕ್ಕಿಳಿಯಿತು. ನನ್ನ ಅಂಗಳಕ್ಕೆ ತಂದಳು, ಮತ್ತೆ ಏರಿತು. ನನ್ನ ಮರ್ಯಾದೆ ಹೋಯಿತೆಂದೇ ತಿಳಿದೆ.

ಸವಿತಾ ಬಗ್ಗಿ ನೆಲ ಮುಟ್ಟಿದಳು. “ಅಜ್ಜಿ, ಅಂಗಳಾ ಯಾವಾಗ ಸಾರಿಸೀರಿ?”

“ಈಗಷ್ಟ. ನೀ ಬರ್ತಿ ಅಂತನ. ಹಸೀ ಸೆಗಣಿಗೆ ಗಡಿಗ್ಯಾಗಿನ ಹಳೇ ಗಂಜಲ ಕಲಸಿ ಅಗದಿ ದಪ್ಪ ಸಾರಿಸೀನಿ. ನಿನ್ನ ಮಷಿನ್‌ಗೂ ನಮ್ಮ ಸ್ವಚ್ಛ ಗೊತ್ತಾಗ್ಲಿ ಅಂತ.”

“ಗೊತ್ತಾಗೇತ್ರಿ ಅಜ್ಜಿ. ಭಾಳ ಚಲೋ ಗೊತ್ತಾಗೇತಿ!”

ಬಸಕ್ಕ ಗೋಡೆ ಹಿಡಿದುಕೊಂಡು ನಕ್ಕಳು. ನನಗೂ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಬಿಸಿಲಿಗೆ ನೆಲ ಒಣಗಿದ ಮೇಲೆ ಅಂಕಿ ಇಳಿದು ಬಸಕ್ಕನ ಅಂಗಳದ ಸಮಕ್ಕೆ ಬಂತು. ಅವಳನ್ನು ಕೂಗಿ ಕರೆದು ತೋರಿಸಿದೆ.

ಆದರೆ ಗೊತ್ತಿರುವುದನ್ನು ಕೊಟ್ಟು ಪರೀಕ್ಷಿಸುವ ಆ ಪದ್ಧತಿ ತಲೆಯಿಂದ ಹೋಗಲಿಲ್ಲ. ಸೊಸೆಯ ಪಲ್ಯಕ್ಕೆ ಉಪ್ಪೇ ಇರುವುದಿಲ್ಲವೆಂದು ನಾನು ದಿನಾ ಗೊಣಗುತ್ತೇನೆ. ಬಸಕ್ಕ ಪಲ್ಯಕ್ಕೆ ಉಪ್ಪು ಸುರಿಯುತ್ತಾಳೆಂಬುದು ಇಡೀ ಓಣಿಗೆ ಗೊತ್ತು. ಮರುದಿನ ಬೆಳಿಗ್ಗೆ ರೊಟ್ಟಿ ಹಿಡಿದುಕೊಂಡು ಅವಳ ಮನೆಗೆ ಹೋಗಿ ಒಂದು ತುತ್ತು ಪಲ್ಯ ತಿಂದೆ. ನನ್ನ ನಾಲಿಗೆಗೆ ಅದರಲ್ಲೂ ಉಪ್ಪಿರಲಿಲ್ಲ. ಮನೆಗೆ ಬಂದು, ಸೊಸೆ ಬಡಿಸಿದ್ದನ್ನು ಬಾಯಿ ಮುಚ್ಚಿಕೊಂಡು ಉಂಡೆ.