ಹದ್ದು ಮುಟ್ಟಿದ ತಲೆ

ಮುಂಜಾನೆ ವಾಕಿಂಗಿಗೆ ಹೋದರೆ ಮನಸ್ಸು ಶಾಂತವಾಗುತ್ತದೆ ಎಂದು ಹೇಳುವವರನ್ನು ನಾನು ಈಗ ನಂಬುವುದಿಲ್ಲ. ಅವರ ಮನಸ್ಸು ಮೊದಲೇ ಶಾಂತವಾಗಿತ್ತು, ವಾಕಿಂಗಿಗೆ ಸುಮ್ಮನೆ ಹೆಸರು ಬಂತು, ಅಷ್ಟೇ. ನನ್ನದು ಹುಟ್ಟಾ ಗಡಿಬಿಡಿ ಜೀವ. ಊಟಕ್ಕೆ ಕೂತರೆ ಕೈ ತೊಳೆಯುವ ಚಿಂತೆ, ಬಸ್ಸು ಹತ್ತಿದರೆ ಇಳಿಯುವ ಚಿಂತೆ. ಅಕ್ಷತೆ ಬೀಳುತ್ತಿದ್ದಂತೆ ಚಪ್ಪಲಿ ಹುಡುಕಲು ಎದ್ದ ಮದುಮಗ ಇಡೀ ತಾಲೂಕಿನಲ್ಲಿ ಇವರೊಬ್ಬರೇ ಎಂದು ಹೆಂಡತಿ ಸುವರ್ಣಾ ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾಳೆ. ಸಿಂದಗಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಬ್ಯಾನರ್ ಅಂಗಡಿ ಇದೆ. ಹುಟ್ಟುಹಬ್ಬ, ಮದುವೆ, ಗೃಹಪ್ರವೇಶ, ಶ್ರದ್ಧಾಂಜಲಿ, ಯಾವುದೇ ಇರಲಿ, ಗಿರಾಕಿಗೆ ಈಗಿಂದೀಗಲೇ ಬೇಕು. ವರ್ಷಗಟ್ಟಲೆ ಮೊದಲೇ ಗೊತ್ತಿರುವ ಹುಟ್ಟುಹಬ್ಬದ ಬ್ಯಾನರಿಗೂ ಜನ ಹಿಂದಿನ ದಿನ ಸಂಜೆ ಓಡಿ ಬರುತ್ತಾರೆ. ಹೀಗಾಗಿ ಹುಟ್ಟಿನಿಂದ ಬಂದ ಗಡಿಬಿಡಿಯ ಜೊತೆ ಧಂದೆಯ ಗಡಿಬಿಡಿಯೂ ಸೇರಿ, ಕಡೆಗೆ ಬಿಪಿ ಎಂಬ ಹೆಸರಿನಲ್ಲಿ ನನ್ನೊಳಗೆ ನೆಲೆಸಿತು.

"ಗುಳಿಗಿ ಆಮ್ಯಾಲ ನೋಡೂಣು," ಎಂದರು ಡಾಕ್ಟರು. "ಮೊದಲ ದಿನಾ ಮುಂಜಾನೆ ಊರ ಹೊರಗ ಅಡ್ಡಾಡ್ರಿ. ಗಿಡಾ ನೋಡ್ರಿ, ಹಕ್ಕಿ ನೋಡ್ರಿ. ತಲ್ಯಾಗಿನ ಗದ್ದಲ ತಾನ ಇಳೀತೈತಿ."

ಜೊತೆಗೆ ಸಿಕ್ಕವನು ಗೆಳೆಯ ಹಣಮಂತ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯವನು, ನನಗೆ ತದ್ವಿರುದ್ಧ. ಅಂಗಡಿ ಮುಂದೆ ಟ್ರ್ಯಾಕ್ಟರ್ ಕೆಟ್ಟು ನಿಂತರೂ ಅವನು ಚಹಾ ಮುಗಿಸಿಯೇ ಏಳುವವನು. ಇಬ್ಬರೂ ಆಲಮೇಲ ರಸ್ತೆ ಹಿಡಿದು ಹೊರಟೆವು. ಡಾಕ್ಟರು ಹೇಳಿದಂತೆ ನಾನು ಪ್ರಕೃತಿ ನೋಡಲು ಶುರುಮಾಡಿದೆ. ಒಂದು ದಿನ ಮುಂಗುಸಿ ಅಡ್ಡ ಬಂತು. ನಡುರಸ್ತೆಯಲ್ಲಿ ಒಮ್ಮೆ ನಿಂತು ನನ್ನನ್ನು ನೋಡಿ, ಏನೋ ಮರೆತದ್ದು ನೆನಪಾದಂತೆ ಬಂದ ದಾರಿಯಲ್ಲೇ ವಾಪಸು ಓಡಿತು. ನನಗೆ ಅದರ ಮೇಲೆ ಒಂಥರಾ ಬಂಧುಪ್ರೀತಿ ಹುಟ್ಟಿತು. ಇನ್ನೊಂದು ದಿನ ತೊಗರಿ ಹೊಲದೊಳಗಿಂದ ಯಾರೋ ಕೂಗಿಕೊಂಡಂತಾಗಿ, ಯಾರಿಗೋ ಹಾವು ಕಡಿದಿರಬೇಕೆಂದು ನಾನು ಒಡ್ಡು ಹಾರಿ ಒಳಗೆ ನುಗ್ಗಿದರೆ, ಕೂಗಿದ್ದು ನವಿಲು. ಮತ್ತೊಂದು ಮುಂಜಾನೆ ಕಟಾವಾದ ಜೋಳದ ಹೊಲದಲ್ಲಿ ಬೂದಿ ಬಣ್ಣದ ಪ್ರಾಣಿಯೊಂದು ಕೂತು ನಮ್ಮನ್ನೇ ದಿಟ್ಟಿಸುತ್ತಿತ್ತು. ಹಣಮಂತ ನನ್ನ ರಟ್ಟೆ ಹಿಡಿದು, "ತ್ವಾಳ ಐತಿ, ಮಿಸುಕಾಡಬ್ಯಾಡ," ಎಂದ. ಮಿಸುಕಾಡದೆ ನಿಲ್ಲುವುದು ನನಗೆ ತೋಳಕ್ಕಿಂತ ದೊಡ್ಡ ಶಿಕ್ಷೆ. ಕಾಲು ತುರಿಸಿತು, ಕುತ್ತಿಗೆ ತುರಿಸಿತು. ಕೊನೆಗೆ ತೋಳವೇ ಬಾಲ ಅಲ್ಲಾಡಿಸುತ್ತ ಬಂದು ಹಣಮಂತನ ಚಪ್ಪಲಿ ಮೂಸಿತು. ಅದು ಚಹಾ ಹೋಟೆಲಿನವರೆಗೂ ನಮ್ಮೊಂದಿಗೆ ನಡೆದು, ಅವನಿಂದಲೇ ಬಿಸ್ಕೀಟು ತಿಂದಿತು.

ಇಷ್ಟರ ಮಟ್ಟಿಗೆ ಪ್ರಕೃತಿ ನನ್ನನ್ನು ಸಹಿಸಿಕೊಂಡಿತ್ತು. ಕೆಟ್ಟದ್ದು ಹುಣಸೆ ಮರದ ಹತ್ತಿರ. ರಸ್ತೆ ತಿರುಗುವಲ್ಲಿರುವ ಆ ಮರದ ತುದಿಯಲ್ಲಿ ಹದ್ದೊಂದು ಗೂಡು ಕಟ್ಟಿತ್ತು. ಕಡ್ಡಿ, ವೈರು, ಹರಿದ ಬಟ್ಟೆ, ಜೊತೆಗೆ ಬ್ಯಾನರಿನ ಒಂದು ತುಂಡು. ಆ ಬ್ಯಾನರ್ ನಮ್ಮ ಅಂಗಡಿಯದೇ ಇರಬಹುದೇ ಎಂದು ನಾನು ಕೆಳಗೆ ನಿಂತು ಕತ್ತು ಎತ್ತಿ ಬಹಳ ಹೊತ್ತು ನೋಡಿದೆ. ಒಳಗೆ ಮರಿಗಳಿದ್ದವು. ತಾಯಿ ನನ್ನನ್ನು ಗುರುತು ಹಾಕಿಕೊಂಡಿತು.

ಮರುದಿನದಿಂದ ಮರದ ಹತ್ತಿರ ಹೋದೊಡನೆ ಹಿಂದಿನಿಂದ ಸುಂಯ್ ಎಂಬ ಸದ್ದು, ತಲೆಯ ಮೇಲೊಂದು ನೆರಳು, ಕೂದಲಿಗೆ ಗಾಳಿ. ಆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನವರು ಹೋಗುತ್ತಾರೆ, ಹಾಲಿನವರು ಹೋಗುತ್ತಾರೆ, ಕುರಿಗಾರರು ಇಡೀ ಹಿಂಡಿನೊಂದಿಗೆ ಹೋಗುತ್ತಾರೆ. ಅವರಾರ ಮೇಲೂ ಅದಕ್ಕೆ ಸಿಟ್ಟಿಲ್ಲ. "ನೀ ಕಳ್ಳರಂಗ ನಡೀತಿ," ಎಂದು ಹಣಮಂತ ಕಾರಣ ಕೊಟ್ಟ. "ಹಿಂದ ನೋಡ್ತಿ, ಮ್ಯಾಲ ನೋಡ್ತಿ, ದಬದಬ ಹೆಜ್ಜಿ ಹಾಕ್ತಿ. ಮಕ್ಕಳಿದ್ದ ಮನಿ ಮುಂದ ಹಿಂಗ ಅಡ್ಡಾಡಿದ್ರ ಯಾರರ ಸುಮ್ನಿರ್ತಾರೇನು? ಸಾವಕಾಶ ನಡಿ." ಸಾವಕಾಶ ನಡೆಯಲು ಪ್ರಯತ್ನಿಸಿದೆ. ಹದ್ದು ತಲೆಯ ಮೇಲಿದೆ ಎಂದು ಗೊತ್ತಿದ್ದೂ ಸಾವಕಾಶ ನಡೆಯುವ ಮನುಷ್ಯನನ್ನು ನಾನಂತೂ ಕಂಡಿಲ್ಲ. ಕೊಡೆ ಹಿಡಿದು ಹೋದೆ. ಬೇಸಿಗೆಯ ಮುಂಜಾನೆ, ಬಿಸಿಲಿಲ್ಲ, ಮಳೆಯಿಲ್ಲ, ಕೊಡೆ ಹಿಡಿದು ಓಡುತ್ತಿರುವ ನನ್ನನ್ನು ನೋಡಿ ಬಸ್ಸಿನವರು ಹತ್ತಿಸಿಕೊಳ್ಳಲು ನಿಲ್ಲಿಸುತ್ತಿದ್ದರು.

ಆ ದಿನ ಹೊರಡುವ ಅವಸರದಲ್ಲಿ ಕೊಡೆ ಮರೆತೆ. ಹದ್ದು ಮರೆಯಲಿಲ್ಲ. ಈ ಸಲ ನೆರಳಲ್ಲ, ಉಗುರೇ ನೆತ್ತಿಗೆ ತಾಗಿತು. ಕೈಯಿಟ್ಟು ನೋಡಿದರೆ ರಕ್ತ. ಸದಾ ಸಾವಕಾಶ ನಡೆಯುವ ಹಣಮಂತ ಆ ಹೊತ್ತಿಗೆ ನನಗಿಂತ ಬಹಳ ಮುಂದೆ ಓಡಿ ಹೋಗಿದ್ದ. ವಾಪಸು ಬಂದು ಗಾಯ ನೋಡಿ, "ಏನಾಗಂಗಿಲ್ಲ ಬಿಡು, ಒಂದು ಇಂಜೆಕ್ಷನ್ ಮಾಡಿಸ್ಕೊ," ಎಂದು ಧೈರ್ಯ ಹೇಳಿ, ಅಂಗಡಿ ಮಾಲು ತರಲು ವಿಜಯಪುರದ ಬಸ್ಸು ಹತ್ತಿದ.

ಇಂಜೆಕ್ಷನ್ ಮಾಡಿಸಿಕೊಂಡು ಮನೆಗೆ ಬಂದೆ. ಅವ್ವ ಬಾಗಿಲಲ್ಲೇ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. ವಿಷಯ ಕೇಳಿ ಅವಳ ಬಾಯಿ ಅಲ್ಲೇ ನಿಂತಿತು.

"ತಲಿಗೇ ಮುಟ್ಟಿತೇನು?"

"ತಲಿಗೇ ಮುಟ್ಟಿತು ಬೇ."

"ಚಲೋ ಅಲ್ಲ ಯಪ್ಪಾ. ಕಾಗಿ ಮುಟ್ಟಿದ್ರನ ಜೀವಕ್ಕ ಕಂಟಕ ಅಂತಾರ. ಇದು ಹದ್ದು! ಬೀಗರಿಗಿ ಸುದ್ದಿ ಮುಟ್ಟಸಬೇಕು."

ನಮ್ಮ ಕಡೆಯ ಈ ಪದ್ಧತಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕಾಗೆ ತಲೆಗೆ ಬಡಿದರೆ ಅದು ಸಾವಿನ ಸೂಚನೆ. ಅದನ್ನು ತಪ್ಪಿಸಲು ದೂರದೂರಿನ ಸಂಬಂಧಿಕರೊಬ್ಬರಿಗೆ 'ಇಂಥವನು ಸತ್ತ' ಎಂದು ಸುಳ್ಳು ಸುದ್ದಿ ಕಳಿಸುತ್ತಾರೆ. ಅವರು ಗೊತ್ತಿಲ್ಲದೆ ನಿಜವಾಗಿ ಅಳಬೇಕು. ಅತ್ತರೆ ಸಾವು ತನ್ನ ಕೆಲಸ ಮುಗಿಯಿತೆಂದು ತಿಳಿದು ಹೊರಟುಹೋಗುತ್ತದೆ. ಆಮೇಲೆ ನಿಜ ಹೇಳಿ, ಬೈಸಿಕೊಂಡು, ಸಮಾಧಾನ ಮಾಡುವುದು. "ಇವೆಲ್ಲ ಬ್ಯಾಡ ಬೇ, ಅದಕ್ಕ ಮರಿ ಅದಾವ, ಅದಕ ಹೊಡೀತು," ಎಂದು ನಾನು ಜೋರಾಗಿಯೇ ಹೇಳಿ ಅಂಗಡಿಗೆ ಹೋದೆ. ಅವ್ವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅಲ್ಲೇ ನನಗೆ ಸಂಶಯ ಬರಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮೊಬೈಲಿಗೆ ಒಂದು ಆರ್ಡರ್ ಬಂತು. ಫೋಟೋ ತೆರೆದರೆ ನಾನು. ಹಣಮಂತನ ಅಣ್ಣನ ಮಗನ ಮದುವೆಯಲ್ಲಿ ತೆಗೆದದ್ದು, ಬಾಯಲ್ಲಿ ಅರ್ಧ ಬುಂದಿ ಉಂಡೆ. ಕೆಳಗೆ, 'ಅಕಾಲಿಕ ನಿಧನ ಹೊಂದಿದ ಆತ್ಮೀಯ ಗೆಳೆಯನಿಗೆ ಭಾವಪೂರ್ಣ ಶೃದ್ದಾಂಜಲಿ. ಮತ್ತೆ ಹುಟ್ಟಿ ಬಾ ಮಲ್ಲು.' ಅದರ ಕೆಳಗೆ, 'ಸಣ್ಣದ ಸಾಕ್ರಿ. ಲೈಟಿನ ಕಂಬಕ್ಕ ಕಟ್ಟೂದೈತಿ.'

ಯಾವ ಮನುಷ್ಯನಾದರೂ ಮೊದಲು ತಾನು ಹೇಗೆ ಸತ್ತೆ ಎಂದು ವಿಚಾರಿಸುತ್ತಾನೆ. ನನ್ನ ಬೆರಳು ಮಾತ್ರ ಧಂದೆಯ ರೂಢಿಯಂತೆ ತಾನೇ ಬರೆಯಿತು: 'ಶ್ರದ್ಧಾಂಜಲಿ ತಪ್ಪೈತಿ. ಶಕ್ಕ ರ ಒತ್ತು, ದಕ್ಕ ಧ ಒತ್ತು. ತಿದ್ದಲೇನ್ರಿ?'

'ತಿದ್ರಿ. ನೀವ್ಯಾರು ಮಾತಾಡೂದು?'

'ಫೋಟೋದಾಗ ಇರಾಂವ.'

ಕೂಡಲೇ ಫೋನೇ ಬಂತು. ಮಾತಾಡಿದವನು ಹಣಮಂತ. "ಲೇ ಮಲ್ಲ್ಯಾ, ಜೀವಂತ ಅದೀ ಏನ್ಲೇ?"

"ನಾ ಸತ್ತೇನಿ ಅಂತ ನಿನಗ ಯಾರ ಹೇಳಿದ್ರು?"

"ನಿಮ್ಮ ತಂಗಡಗಿ ಮಾವಾರು ಸ್ಟೇಟಸ್ ಹಾಕ್ಯಾರ. ಮುಂಜಾನಿ ರಕ್ತ ನಾನ ನೋಡಿದ್ನೆಲ್ಲ, ಹದ್ದಿನ ಉಗುರಿನ ನಂಜ ಏರೇತಿ ಅಂದ್ಕೊಂಡ್ನಿ."

"ನನಗೊಂದು ಫೋನ್ ಮಾಡಿ ಕೇಳಬಾರದೇನು?"

"ಸತ್ತಾಂವಗ ಹ್ಯಾಂಗ ಫೋನ್ ಮಾಡ್ಲೋ? ಅಂಗಡಿ ನಂಬರಿಗಿ ಹಾಕಿದ್ರ ಯಾರರ ನೋಡ್ತಾರ ಅಂದ್ನಿ."

ಸಣ್ಣ ಬ್ಯಾನರ್ ಯಾಕೆ ಎಂಬ ಪ್ರಶ್ನೆ ನನ್ನ ಗಂಟಲವರೆಗೆ ಬಂದಿತ್ತು. ಅದನ್ನು ನುಂಗಿ, ಅಂಗಡಿ ಬಾಗಿಲು ಹಾಕಿ ಮನೆಗೆ ಓಡಿದೆ. ದಾರಿಯಲ್ಲಿ ಇಬ್ಬರು ನನ್ನನ್ನು ನೋಡಿ ಸೈಕಲ್ಲಿನಿಂದ ಇಳಿದರು.

ಮನೆಯಲ್ಲಿ ಒಲೆ ಹತ್ತಿರಲಿಲ್ಲ. "ಅತ್ತಿಯಾರು ಶಾಂತಕ್ಕ ಬರೂತನಾ ಅಡಗಿ ಮಾಡಬ್ಯಾಡ ಅಂದಾರ," ಎಂದಳು ಸುವರ್ಣಾ, ಕಣ್ಣಲ್ಲೇ ಕೆಂಡ ಕಾರುತ್ತ. "ಸತ್ತ ಮನ್ಯಾಗ ಒಗ್ಗರಣಿ ವಾಸನಿ ಬಂದ್ರ ಸುಳ್ಳು ಗೊತ್ತಾಗತೈತಂತ." ಶಾಂತಕ್ಕ ನನ್ನ ಒಬ್ಬಳೇ ಅಕ್ಕ, ಮುದ್ದೇಬಿಹಾಳದಾಚೆ ಕೃಷ್ಣಾ ದಂಡೆಯ ತಂಗಡಗಿಯಲ್ಲಿ ಅವಳ ಮನೆ. ನಾನು ಅಂಗಡಿಗೆ ಹೋದದ್ದೇ ತಡ ಅವ್ವ ಅವಳಿಗೆ ಫೋನ್ ಮಾಡಿದ್ದಳು. ಅಕ್ಕ ಒಮ್ಮೆ ಚೀರಿ, ಫೋನ್ ಕೈಬಿಟ್ಟು, ಉಟ್ಟ ಸೀರೆಯಲ್ಲೇ ಬಸ್ಸಿಗೆ ಓಡಿದ್ದಳು. ನಿಜ ಹೇಳಲು ಅವ್ವನಿಗೆ ಸಮಯವೇ ಸಿಗಲಿಲ್ಲವಂತೆ. ಅಕ್ಕನ ಗಂಡನಿಗೆ, ಅಂದರೆ ಮಾವನಿಗೆ, ಫೋನ್ ಹಚ್ಚಿದೆ. ಅವರು ಎತ್ತುಗಳಿಗೆ ಮೇವು ಹಾಕಿ ಹಿಂದಿನ ಬಸ್ಸಿಗೆ ಹೊರಡುವವರಿದ್ದರು. ನನ್ನ ದನಿ ಕೇಳಿ, "ಹೌದಾ? ಸತ್ತಿಲ್ಲಾ? ಚಲೋ ಆತು ಬಿಡು," ಎಂದರು. ಅಕ್ಕನ ಫೋನು ಅಡಿಗೆಮನೆಯಲ್ಲೇ ಬಿದ್ದಿತ್ತು. ಸ್ಟೇಟಸ್ ಅಳಿಸುವುದು ಅವರಿಗೆ ಬರುತ್ತಿರಲಿಲ್ಲ. ಹಾಗಾಗಿ ಅದು ತಾನಾಗಿ ಹೋಗುವವರೆಗೆ ನಾನು ತಂಗಡಗಿಯ ಮಟ್ಟಿಗೆ ಸತ್ತೇ ಇದ್ದೆ.

ಬಸ್ ಸ್ಟ್ಯಾಂಡಿಗೆ ಹೋಗಿ ಅಕ್ಕನನ್ನು ಕಾಯುತ್ತೇನೆ ಎಂದು ಎದ್ದೆ. "ಹುಚ್ಚ ಅದೀ ಏನು?" ಎಂದು ಅವ್ವ ಗದರಿದಳು. "ಸತ್ತಾಂವ ಬಸ್ ಸ್ಟ್ಯಾಂಡಿನ್ಯಾಗ ನಿಂತಿದ್ದ ನೋಡಿ ಆಕಿ ಎದಿ ಒಡಕೊಂಡ್ರ? ಸುಮ್ನ ಒಳಗ ಕುಂದರು."

ಕೂತೆ. ಎದ್ದೆ. ಮತ್ತೆ ಕೂತೆ. ತಾಳಿಕೋಟೆಯಲ್ಲಿ ಅವಳಿಗೆ ಬಸ್ಸು ಸಿಕ್ಕಿತೋ ಇಲ್ಲವೋ, ಅಳುತ್ತ ತಪ್ಪು ಬಸ್ಸು ಹತ್ತಿದಳೋ, ಬಿಸಿಲಿಗೆ ತಲೆ ತಿರುಗಿ ಬಿದ್ದಳೋ. ನನ್ನ ಹದ್ದಿನ ಗಾಯ ನನಗೆ ಮರೆತೇ ಹೋಗಿತ್ತು. ನಾನು ಬದುಕಿರುವುದೇ ಏನೋ ದೊಡ್ಡ ಮೋಸದಂತೆ ಅನಿಸತೊಡಗಿತು.

ಸಂಜೆ ಓಣಿಯ ತುದಿಯಿಂದ ಅಕ್ಕನ ದನಿ ಕೇಳಿಸಿತು. ಹಾಡ್ಯಾಡಿ ಅಳುತ್ತ ಬರುತ್ತಿದ್ದಳು. ಹೊರಗೆ ಓಡಲು ಎದ್ದ ನನ್ನ ಮಣಿಕಟ್ಟನ್ನು ಅವ್ವ ಗಟ್ಟಿಯಾಗಿ ಹಿಡಿದಳು. "ಫೋನಿನ್ಯಾಗ ಅತ್ತದ್ದು ಲೆಕ್ಕಕ್ಕ ಬರತೈತೋ ಇಲ್ಲೋ ನನಗ ಗೊತ್ತಿಲ್ಲ. ಕಣ್ಣೀರು ನಮ್ಮ ಕಟ್ಟಿ ಮ್ಯಾಲ ಬೀಳ್ಲಿ. ಮಿಸುಕಬ್ಯಾಡ." ಬಾಗಿಲ ಹಿಂದೆ ನಿಂತು ನನ್ನ ಸಾವಿನ ಹಾಡು ನಾನೇ ಕೇಳಿದೆ.

"ಬಂದ್ರ ಕುಂದರಲಿಲ್ಲೋ ನನ್ನ ತಮ್ಮಾ, ಕುಂತ್ರ ಉಣಲಿಲ್ಲೋ! ಚಾ ಆರೂತನಾ ತಡೀಲಿಲ್ಲೋ! ಅಕ್ಕನ ಮನಿ ಬಾಗಲದಾಗ ಬರ್ತೇನಿ ಬರ್ತೇನಿ ಅಂದು ಓಡಿ ಹ್ವಾದ್ಯಲ್ಲೋ! ಈಗ ಹ್ವಾದಲ್ಲೆರ ಒಂದ್ ಕಡೆ ಕುಂದರೋ ನನ್ನಪ್ಪಾ!"

ಊರಿಗೆಲ್ಲ ಶ್ರದ್ಧಾಂಜಲಿ ಬರೆದುಕೊಟ್ಟವನು ನಾನು. ಎಲ್ಲರಿಗೂ ಅವೇ ನಾಲ್ಕು ಪದ, ಅದೇ ಹೂವಿನ ಅಂಚು. ಈ ಮಾತು ನನ್ನೊಬ್ಬನಿಗೇ ಹೊಲಿದ ಅಂಗಿಯಂತೆ ಇತ್ತು. ಕಣ್ಣೀರು ಕಟ್ಟೆಯ ಮೇಲೆ ಬೀಳುವ ಮೊದಲೇ ಬಾಗಿಲ ಹಿಂದೆ ಬಿತ್ತು. ಕೈ ಕೊಸರಿಕೊಂಡು ಹೊರಗೆ ಬಂದು, "ಅಕ್ಕಾ, ಇಲ್ಲೇ ಅದೇನಿ ನೋಡು," ಎಂದೆ.

ಅಕ್ಕ ಕಟ್ಟೆಯ ಮೇಲೆ ಕುಸಿದು ಕೂತಳು. ಸುವರ್ಣಾ ನೀರು ಕೊಟ್ಟಳು. ಅಕ್ಕ ನೀರು ಕುಡಿದಳು, ನನ್ನ ಮುಖ ಸವರಿದಳು, ಕೈ ಸವರಿದಳು, ಆಮೇಲೆ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡಳು. "ಬಸ್ಸಿನ್ಯಾಗ ಎಲ್ಲಾರೂ ನನಗ ಸಮಾಧಾನ ಮಾಡ್ಯಾರ! ಕಂಡಕ್ಟರ್ ತನ್ನ ಸೀಟು ಕೊಟ್ಟಾನ! ನಾಳಿ ಅದ ಬಸ್ಸಿಗಿ ಹ್ಯಾಂಗ ಹತ್ತಲೋ ನಾ?"

"ನಾಳಿ ಯಾಕ ಹತ್ತತಿ?" ಎಂದಳು ಅವ್ವ, ನೆಮ್ಮದಿಯಾಗಿ ಕಟ್ಟೆಗೆ ಬಂದು ಮಗಳ ಪಕ್ಕ ಕೂರುತ್ತ. "ಹೋದ ವರ್ಷದಿಂದ ಬಾ ಬಾ ಅಂದ್ರ ಮೆಣಸಿನಕಾಯಿ ಅಂದಿ, ಎಮ್ಮಿ ಈದೈತಿ ಅಂದಿ. ಅಂತೂ ಬಂದ್ಯಲ್ಲ. ಒಂದೆಂಟು ದಿನ ಇರು."

ಆಗ ನನಗೆ ಏನೋ ಹೊಳೆಯಿತು. ಪಕ್ಕಕ್ಕೆ ಕರೆದು ಕೇಳಿದೆ: "ಅವ್ವಾ, ಖರೆ ಹೇಳು. ಹದ್ದು ಮುಟ್ಟಿದ್ರೂ ಈ ಪದ್ಧತಿ ಐತೇನು?"

"ಹದ್ದಿಂದು ನನಗೇನು ಗೊತ್ತೋ ತಮ್ಮಾ," ಎಂದಳು ಅವ್ವ. "ಕಾಗೀದು ಐತಿ." ಬಾಯಿಗೆ ಎಲೆ ಹಾಕಿಕೊಂಡು ಮಗಳ ಕಡೆ ತಿರುಗಿದಳು.

ಅಕ್ಕ ಸಿಟ್ಟಿನಲ್ಲೇ ಉಂಡಳು, ಸಿಟ್ಟಿನಲ್ಲೇ ಉಳಿದಳು, ಹೋಗುವಾಗ ನನ್ನಿಂದ ಒಂದು ಮಾತು ತೆಗೆದುಕೊಂಡಳು. ಅದರಂತೆ ಕಳೆದ ತಿಂಗಳು ತಂಗಡಗಿಗೆ ಹೋಗಿ ಚಹಾ ಆರುವವರೆಗೆ ಕೂತು ಬಂದೆ. ಅಷ್ಟು ಕಷ್ಟದ ಚಹಾ ನಾನು ಇನ್ನೊಂದು ಕುಡಿದಿಲ್ಲ. ಹುಣಸೆ ಮರದ ಮರಿಗಳು ರೆಕ್ಕೆ ಬಂದು ಹಾರಿಹೋದವು. ತಾಯಿ ಹದ್ದಿಗೆ ಈಗ ನನ್ನ ತಲೆಯ ಮೇಲೆ ಯಾವ ಆಸಕ್ತಿಯೂ ಇಲ್ಲ.

ಉಳಿದದ್ದು ಆ ಬ್ಯಾನರ್ ಮಾತ್ರ. ಹಣಮಂತನ ಆರ್ಡರನ್ನು ರದ್ದು ಮಾಡಲು ಹೋಗಿ, ಶ್ರದ್ಧಾಂಜಲಿಯನ್ನಾದರೂ ತಿದ್ದಿ ಇಡೋಣ ಎಂದು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೆ. ಒತ್ತಕ್ಷರ ಸರಿಯಾದ ಮೇಲೆ ಬುಂದಿ ಉಂಡೆಯ ಫೋಟೋ ಕಣ್ಣಿಗೆ ಚುಚ್ಚಿತು, ಬದಲಿಸಿದೆ. ಫೋಟೋ ಬದಲಾದ ಮೇಲೆ ಹಿಂದಿನ ನೀಲಿ ಹೊಂದಲಿಲ್ಲ. ಅಳತೆಯನ್ನೂ ತುಸು ದೊಡ್ಡದು ಮಾಡಿದೆ, ಕಂಬಕ್ಕೆ ಕಟ್ಟುವಂಥದ್ದಲ್ಲ, ಸರ್ಕಲ್ಲಿನಲ್ಲಿ ನಿಲ್ಲಿಸುವಂಥದ್ದು. ಈಗ ಗಿರಾಕಿ ಇಲ್ಲದ ಹೊತ್ತಿನಲ್ಲಿ ತೆರೆದು ಒಂದಿಷ್ಟು ಹಿಂದೆ ಮುಂದೆ ಸರಿಸುತ್ತಿರುತ್ತೇನೆ. ಇನ್ನೂ ಮನಸ್ಸಿಗೆ ಬಂದಿಲ್ಲ. ಮೊನ್ನೆ ಹೆಸರನ್ನು ದಪ್ಪ ಮಾಡುತ್ತಿದ್ದಾಗ ಸುವರ್ಣಾ ಊಟದ ಡಬ್ಬಿ ತಂದಳು. ಪರದೆ ಅವಳ ಕಡೆಗಿರಲಿಲ್ಲ.

"ಆರಿ ಹೋಗತೈತ್ರೀ, ಉಣಬರ್ರಿ. ಯಾರದು ಅಷ್ಟು ಅರ್ಜೆಂಟು?"

"ಅರ್ಜೆಂಟಿಲ್ಲ," ಎಂದೆ. "ಈ ಗಿರಾಕಿಗಿ ಏನೂ ಗಡಿಬಿಡಿ ಇಲ್ಲ."

ಮದುವೆಯಾದಾಗಿನಿಂದ ನನ್ನ ಬಾಯಲ್ಲಿ ಕೇಳದ ಮಾತು ಅದು. ಅವಳು ಡಬ್ಬಿ ಕೆಳಗಿಟ್ಟು, ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು.